ಬೇಸಿಗೆ ಇಂಟರ್ನ್‌ಶಿಪ್: ಲ್ಯಾಬ್ ಬಿಟ್ಟು ಅಕ್ವೇರಿಯಂನಲ್ಲಿ ಮಕ್ಕಳಿಗೆ ಸಮುದ್ರ ತೋರಿಸೋ ಕೆಲಸಕ್ಕೆ ಹೋಗಲಾ?

ಅಲೆಮಾರಿ_ಅಲೆ
ಎಲ್ಲರಿಗೂ ನಮಸ್ಕಾರ. ಸಾಗರ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡ್ತಾ ಇದೀನಿ, ಮೊದಲ ವರ್ಷ ಮುಗೀತಾ ಬಂತು. ಬೇಸಿಗೆಗೆ ಎರಡು ಕಡೆಯಿಂದ ಕರೆ ಬಂದಿದೆ. ಎರಡೂ 10 ವಾರ. ಒಂದು ಲ್ಯಾಬ್ ಕೆಲಸ: ಬಲೆಯಲ್ಲಿ ಹಿಡಿದ ಪ್ಲಾಂಕ್ಟನ್ (ನೀರಲ್ಲಿ ತೇಲಾಡೋ ಸಣ್ಣ ಜೀವಿಗಳು) ಸ್ಯಾಂಪಲ್‌ನಿಂದ ಕೋಪೆಪಾಡ್ ಅನ್ನೋ ಸಿಗಡಿ ಜಾತಿಯ ಪುಟ್ಟ ಪ್ರಾಣಿಗಳನ್ನ ಬೇರೆ ಮಾಡಿ, ಗುರುತಿಸಿ, ಎಣಿಸೋದು. ಇನ್ನೊಂದು ಒಂದು ಸಾರ್ವಜನಿಕ ಅಕ್ವೇರಿಯಂನ ಶಿಕ್ಷಣ ವಿಭಾಗದಲ್ಲಿ: ಶಾಲಾ ಮಕ್ಕಳ ಗುಂಪು ಸುತ್ತಾಡಿಸೋದು, ಟಚ್ ಟ್ಯಾಂಕ್ (ಮಕ್ಕಳು ಪ್ರಾಣಿಗಳನ್ನ ಮುಟ್ಟಿ ನೋಡೋ ತೊಟ್ಟಿ) ನೋಡ್ಕೊಳ್ಳೋದು, ಬೇಸಿಗೆ ಶಿಬಿರ, ಜೊತೆಗೆ ನನ್ನದೇ ಒಂದು ಸಣ್ಣ ಪ್ರದರ್ಶನ ತಯಾರು ಮಾಡಬೇಕು.

ನನಗೆ ಎರಡನೇದೇ ಇಷ್ಟ. ನನ್ನ ಗೈಡ್‌ಗೆ ಹೇಳಿದೆ, ನಕ್ಕುಬಿಟ್ಟರು. "ಅದಕ್ಕೆ ಎಂ.ಎಸ್ಸಿ. ಯಾಕಮ್ಮಾ, ಗಟ್ಟಿ ಗಂಟಲಿದ್ರೆ ಸಾಕು" ಅಂದರು. ಅವತ್ತಿನಿಂದ ನಿದ್ದೆ ಸರಿಯಾಗಿ ಬರ್ತಿಲ್ಲ. ಇಂಥ ಕಡೆ ಕೆಲಸ ಮಾಡಿದವರು ಯಾರಾದ್ರೂ ಇದೀರಾ? ದಿನಾ ಏನು ಮಾಡಿಸ್ತಾರೆ? ಮುಂದೆ ಪಿಎಚ್.ಡಿ.ಗೆ ಹೋಗೋವಾಗ ಇದು ಅಡ್ಡ ಬರುತ್ತಾ?

ಕಪ್ಪೆಚಿಪ್ಪು
ಇದೀನಿ ತಂಗಿ. ಎರಡು ಬೇಸಿಗೆ ಮಾಡಿದೆ, ಆಮೇಲೆ ಅದೇ ಕೆಲಸಕ್ಕೆ ಅಂಟಿಕೊಂಡೆ. ಗಂಟಲಿನ ವಿಷಯ ನಿಜ, ಎರಡನೇ ವಾರದ ಹೊತ್ತಿಗೆ ನಿನ್ನ ದನಿ ಕಪ್ಪೆ ವಟಗುಟ್ಟಿದ ಹಾಗಾಗುತ್ತೆ. ಬಿಸಿನೀರು ಜೊತೆಗಿಟ್ಕೋ.

ದಿನದ ಕೆಲಸ ಹೇಳ್ತೀನಿ. ಬಾಗಿಲು ತೆಗೆಯೋ ಒಂದು ಗಂಟೆ ಮುಂಚೆ ಟ್ಯಾಂಕ್ ಹತ್ರ ಇರಬೇಕು. ಉಷ್ಣಾಂಶ ನೋಡಿ ಬರೆಯೋದು, ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದು ಲವಣಾಂಶ ಓದೋದು. ನೀಲಿ ಬಿಳಿ ಸೇರೋ ಗೆರೆ 35ರ ಆಸುಪಾಸಲ್ಲಿರಬೇಕು, ಅಂದ್ರೆ ಒಂದು ಕಿಲೋ ನೀರಿಗೆ ಸುಮಾರು 35 ಗ್ರಾಂ ಉಪ್ಪು. ರಾತ್ರಿ ನೀರು ಆವಿಯಾಗಿ ಗೆರೆ ಏರಿರುತ್ತೆ, ಸಿಹಿನೀರು ಹಾಕಿ ಇಳಿಸಬೇಕು. ಹೊಸಬರು ಉಪ್ಪುನೀರೇ ಸುರಿದುಬಿಡ್ತಾರೆ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಕೂತಿರುತ್ತೆ ಅಂತ ಪುಸ್ತಕದಲ್ಲಿ ಓದಿದ್ದು ಬಕೆಟ್ ಹಿಡಿದಾಗಲೇ ತಲೆಗೆ ಹತ್ತೋದು. ನಾನೂ ಸುರಿದವಳೇ.

ಆಮೇಲೆ ಪ್ರಾಣಿಗಳ ಎಣಿಕೆ. ಆಮೇಲೆ ಮಕ್ಕಳು. ಸಂಜೆ ಮತ್ತೆ ಎಣಿಕೆ, ನೆಲ ಒರೆಸೋದು. ನೆಲ ಒರೆಸೋದು ಬಹಳ ಇರುತ್ತೆ, ಅದನ್ನ ಯಾರೂ ಮೊದಲೇ ಹೇಳಲ್ಲ.

ಸೂಕ್ಷ್ಮದರ್ಶಿ
ಬೇಜಾರು ಮಾಡ್ಕೋಬೇಡಿ ಅಲೆ ಅವರೇ, ನಾನು ನಿಮ್ಮ ಗೈಡ್ ಪರ. ಅವರ ಮಾತಿನ ಧಾಟಿ ತಪ್ಪು, ಲೆಕ್ಕಾಚಾರ ತಪ್ಪಲ್ಲ. ಪಿಎಚ್.ಡಿ. ಸಂದರ್ಶನದಲ್ಲಿ "ನಿಮ್ಮ ಕೈಯಲ್ಲಿ ಯಾವ ಕೆಲಸ ಬರುತ್ತೆ" ಅಂತ ಕೇಳ್ತಾರೆ. 10 ವಾರ ಕೋಪೆಪಾಡ್ ಎಣಿಸಿದವರಿಗೆ ಗಂಡು ಹೆಣ್ಣು, ಮರಿ ಹಂತ ಎಲ್ಲ ಕಣ್ಣಿಗೆ ಕೂತಿರುತ್ತೆ. ಅದು ಒಂದು ಕೌಶಲ, ಅಳೆದು ತೋರಿಸಬಹುದು. "ಮಕ್ಕಳ ಜೊತೆ ಚೆನ್ನಾಗಿ ಬೆರೆತೆ" ಅನ್ನೋದನ್ನ ಹೇಗೆ ತೋರಿಸ್ತೀರಿ? ಪ್ರಚಾರದ ಕೆಲಸ ಆಮೇಲೂ ಮಾಡಬಹುದು. ಮೊದಲು ವಿಜ್ಞಾನ ಕಲೀರಿ.

ಹಳೇ_ಲಂಗರು
ಸೂಕ್ಷ್ಮದರ್ಶಿಯವರೇ, "ಮೊದಲು ವಿಜ್ಞಾನ, ಆಮೇಲೆ ಪ್ರಚಾರ" ಅನ್ನೋ ಗೋಡೆ ಕಟ್ಟಿದ್ದು ಈಚೆಗೆ. ಇಟಲಿಯ ನೇಪಲ್ಸ್‌ನಲ್ಲಿ ಜರ್ಮನ್ ಪ್ರಾಣಿಶಾಸ್ತ್ರಜ್ಞ ಆಂಟನ್ ಡೋರ್ನ್ 1872ರಲ್ಲಿ ಕಟ್ಟಿಸಲು ಶುರುಮಾಡಿದ ಪ್ರಾಣಿಶಾಸ್ತ್ರ ಕೇಂದ್ರ ನೆನಪಿಸಿಕೊಳ್ಳಿ. ಕೆಳಗಡೆ ಜನರಿಗೆ ಅಕ್ವೇರಿಯಂ, ಮೇಲ್ಗಡೆ ಸಂಶೋಧಕರಿಗೆ ಲ್ಯಾಬ್. 1874ರಲ್ಲಿ ಅಕ್ವೇರಿಯಂ ಬಾಗಿಲು ತೆರೀತು. ಕೆಳಗೆ ಬರೋ ಟಿಕೆಟ್ ದುಡ್ಡಲ್ಲಿ ಮೇಲಿನ ಲ್ಯಾಬ್ ನಡೆಸೋಣ ಅನ್ನೋದು ಆತನ ಆಲೋಚನೆ. ಜೊತೆಗೆ ವಿಶ್ವವಿದ್ಯಾಲಯಗಳಿಗೆ ಲ್ಯಾಬಿನ "ಮೇಜು"ಗಳನ್ನ ವರ್ಷಕ್ಕಿಷ್ಟು ಅಂತ ಬಾಡಿಗೆಗೂ ಕೊಟ್ಟ. ಎರಡೂ ಒಂದೇ ಕಟ್ಟಡ, ಒಂದೇ ಸಮುದ್ರದ ನೀರು.

ಇಂಥ ಕಡೆ ಇಂಟರ್ನ್ ಆಗೋದಂದ್ರೆ ವಿಜ್ಞಾನದಿಂದ ಹೊರಗೆ ಹೋದ ಹಾಗಲ್ಲ. ಮೆಟ್ಟಿಲಿಳಿದು ಕೆಳಗೆ ಬಂದ ಹಾಗೆ, ಅಷ್ಟೇ.

ಸೂಕ್ಷ್ಮದರ್ಶಿ
ಇತಿಹಾಸ ಚೆನ್ನಾಗಿದೆ ಸಾರ್. ಆದರೆ ಆ ಮೇಜುಗಳಲ್ಲಿ ಕೂತವರ ಹೆಸರು ಉಳೀತು, ಕೆಳಗೆ ಟಿಕೆಟ್ ಹರಿದವರದ್ದು ಉಳಿಲಿಲ್ಲ ಅಲ್ವಾ?

ನೀಲಿಶಾಯಿ
ಟಿಕೆಟ್ ಹರಿಯೋ ಮಾತು ಬಂತಲ್ಲ, ನನ್ನ ಕತೆ ಕೇಳಿ. ನನಗೂ "ಶಿಕ್ಷಣ ಮತ್ತು ಜನಸಂಪರ್ಕ ಇಂಟರ್ನ್" ಅಂತಲೇ ಪತ್ರ ಕೊಟ್ಟಿದ್ರು. ಹೋದಮೇಲೆ ಆರು ವಾರ ಮಾಡಿಸಿದ್ದು ಏನು ಗೊತ್ತಾ? ಸಾಲು ನಿಲ್ಲಿಸೋದು, ಮಕ್ಕಳ ಕೆನ್ನೆ ಮೇಲೆ ಡಾಲ್ಫಿನ್ ಬರೆಯೋದು, ಶಾರ್ಕ್ ವೇಷ ಹಾಕ್ಕೊಂಡು ಬಾಗಿಲಲ್ಲಿ ನಿಲ್ಲೋದು. ಬಿಸಿಲಲ್ಲಿ ಆ ವೇಷದೊಳಗೆ ನಿಂತವರಿಗೇ ಗೊತ್ತು ಅದರ ಸುಖ. ಸಂಬಳ ಸೊನ್ನೆ. ಒಬ್ಬ ಜೀವಶಾಸ್ತ್ರಜ್ಞರ ಮುಖ ಕೂಡ ನೋಡಲಿಲ್ಲ.

ಅದಕ್ಕೆ ಹೇಳೋದು, ಒಪ್ಪಿಕೊಳ್ಳೋ ಮುಂಚೆ ಬರವಣಿಗೆಯಲ್ಲಿ ಕೇಳಿ. ನನ್ನ ಮೇಲ್ವಿಚಾರಕರು ಯಾರು, ವಾರಕ್ಕೆ ಎಷ್ಟು ಗಂಟೆ ಬೋಧನೆ, ಎಷ್ಟು ಗಂಟೆ ಇತರೆ, ಪ್ರಾಣಿಪಾಲಕರ ಜೊತೆ ಒಂದು ದಿನವಾದ್ರೂ ಇರಬಹುದಾ, ಕೊನೆಗೆ ನನ್ನ ಹೆಸರಲ್ಲಿ ಏನು ಉಳಿಯುತ್ತೆ. ಭತ್ಯೆ ಇದೆಯಾ ಅಂತ ಕೇಳೋಕೆ ನಾಚಿಕೆ ಬೇಡ. ಇವಕ್ಕೆ ತಡವರಿಸಿದ್ರೆ ಆ ಕಡೆ ತಲೆ ಹಾಕಿ ಮಲಗಬೇಡಿ.

ಅಲೆಮಾರಿ_ಅಲೆ
ನೀಲಿಶಾಯಿ ಅವರೇ, ಹಾಗೇ ಕೇಳಿದೆ. ಒಂದು ಪುಟದ ಉತ್ತರ ಕಳಿಸಿದ್ರು. ವಾರಕ್ಕೊಂದು ದಿನ ಪ್ರಾಣಿಪಾಲಕರ ಜೊತೆ, ಸಣ್ಣ ಭತ್ಯೆ ಇದೆ, ಮೇಲ್ವಿಚಾರಕಿ 12 ವರ್ಷದಿಂದ ಅದೇ ವಿಭಾಗದಲ್ಲಿ ಇದಾರಂತೆ. ಆದರೆ ಕೊನೇ ಸುತ್ತು ಬಾಕಿ. 10 ನಿಮಿಷದ ಪ್ರದರ್ಶನ ಮಾಡಿ ತೋರಿಸಬೇಕು, 9-10 ವರ್ಷದ ಮಕ್ಕಳಿಗೆ, ಸ್ಲೈಡ್ ಇಲ್ಲದೆ. ನನ್ನ ತಲೆಯಲ್ಲಿ ಇರೋದು: "ನಾವು ಎರಡು ಸಲ ಉಸಿರೆಳೆದರೆ ಅದರಲ್ಲಿ ಒಂದು ಉಸಿರು ಸಮುದ್ರದ್ದು" ಅಂತ ಶುರುಮಾಡಿ ಪ್ಲಾಂಕ್ಟನ್‌ಗೆ ಬರೋದು. ಹೇಗಿದೆ?

ಸೂಕ್ಷ್ಮದರ್ಶಿ
ಆ ಸಾಲು ಬೇಡ. ಎಲ್ಲ ಕಡೆ ಓಡಾಡ್ತಿರೋ ಸಾಲು ಅದು, ಅರ್ಧ ಸರಿ. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಸಮುದ್ರದಲ್ಲಿ ನಡೆಯುತ್ತೆ, ಅದು ನಿಜ. ಆದರೆ ಅಲ್ಲಿ ಹುಟ್ಟಿದ ಆಮ್ಲಜನಕವನ್ನ ಹೆಚ್ಚುಕಡಿಮೆ ಪೂರ್ತಿಯಾಗಿ ಅಲ್ಲಿನ ಜೀವಿಗಳೇ ಉಸಿರಾಡಿ, ಕೊಳೆತು ಮುಗಿಸಿಬಿಡುತ್ವೆ. ಕಾಡಿನ ಕತೆಯೂ ಅದೇ. ಗಾಳಿಯಲ್ಲಿರೋ 21% ಆಮ್ಲಜನಕ ಇವತ್ತು ನಿನ್ನೆಯ ಗಳಿಕೆ ಅಲ್ಲ. ಸತ್ತ ಜೀವಿಗಳ ಚೂರುಪಾರು ಇಂಗಾಲ ಕೊಳೆಯದೆ ಹೂತುಹೋದಾಗ ಅದರ ಪಾಲಿನ ಆಮ್ಲಜನಕ ಖರ್ಚಾಗದೆ ಉಳಿಯುತ್ತೆ, ಹಾಗೆ ಕೋಟ್ಯಂತರ ವರ್ಷ ಕೂಡಿಟ್ಟ ಗಂಟು ಅದು. ಸಮುದ್ರದಿಂದ ಇವತ್ತು ಬಂದು ಇವತ್ತೇ ನಮ್ಮ ಮೂಗಿಗೆ ಸೇರುತ್ತೆ ಅಂತ ಮಕ್ಕಳಿಗೆ ಹೇಳೋದು ಮೋಸ.

ಕಪ್ಪೆಚಿಪ್ಪು
ನಾನು ಆ ಸಾಲನ್ನ ನೂರು ಸಲ ಹೇಳಿದೀನಿ. ಈಗ ಮುಖ ಎಲ್ಲಿಡಲಿ?

ಆದರೆ ಸೂಕ್ಷ್ಮದರ್ಶಿ, ಒಂಬತ್ತು ವರ್ಷದ ಮಗುಗೆ ಇಂಗಾಲ ಹೂತುಹೋಗೋದನ್ನ ವಿವರಿಸೋದು ಹೇಗೆ ಹೇಳಿ. ಸರಳ ಮಾಡೋವಾಗ ಏನಾದ್ರೂ ಒಂದು ಬಿಡಲೇಬೇಕಾಗುತ್ತೆ.

ಸೂಕ್ಷ್ಮದರ್ಶಿ
ಬಿಡೋದು ಬೇರೆ, ಸುಳ್ಳಾಗೋದು ಬೇರೆ. ಆ ಸಾಲಿಗಿಂತ ಒಳ್ಳೆಯದು ನಮ್ಮ ಹತ್ರ ಇದೆ, ಅದೂ ಪೂರ್ತಿ ನಿಜ: ಪ್ರೊಕ್ಲೊರೊಕಾಕಸ್ ಅನ್ನೋ ಬ್ಯಾಕ್ಟೀರಿಯಾ. ಬೆಳಕಿನಿಂದ ಆಹಾರ ಮಾಡ್ಕೊಳ್ಳೋ ಜೀವಿಗಳಲ್ಲಿ ಇದಕ್ಕಿಂತ ಚಿಕ್ಕದು ಗೊತ್ತಿಲ್ಲ, ಒಂದು ಮಿಲಿಮೀಟರ್ ಉದ್ದಕ್ಕೆ ಸಾವಿರಕ್ಕೂ ಹೆಚ್ಚು ಸಾಲಾಗಿ ನಿಲ್ಲಬಹುದು. ಬೆಚ್ಚಗಿನ ತೆರೆದ ಸಮುದ್ರದಲ್ಲಿ ಒಂದೊಂದು ಹನಿಯಲ್ಲೂ ಸಾವಿರಾರು. ಇಷ್ಟಿದ್ದೂ ಅದರ ಬಗ್ಗೆ ಜಗತ್ತಿಗೆ ವರದಿ ಸಿಕ್ಕಿದ್ದು 1988ರಲ್ಲಿ, ಸಾಗರ ವಿಜ್ಞಾನಿ ಸ್ಯಾಲಿ ಚಿಶೋಮ್ ಮತ್ತು ಜೊತೆಗಾರರಿಂದ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಆಗಲೇ 19 ವರ್ಷ ಆಗಿತ್ತು! ಡ್ರಾಪರ್‌ನಿಂದ ಒಂದು ಹನಿ ಅಂಗೈ ಮೇಲೆ ಹಾಕಿ, ಈ ಮಾತು ಹೇಳಿ. ಮಕ್ಕಳು ಕೈ ಒರೆಸಿಕೊಳ್ಳೋಕೆ ಹಿಂದೆಮುಂದೆ ನೋಡ್ತಾರೆ.

ಹಳೇ_ಲಂಗರು
ಪ್ರಚಾರ ಬೇಡ ಅಂದವರೇ ಈ ಎಳೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪ್ರಚಾರ ಮಾಡ್ತಿದಾರೆ 😄

ಕಪ್ಪೆಚಿಪ್ಪು
ಹನಿ ಚೆನ್ನಾಗಿದೆ, ನಾನೇ ಕದ್ದುಕೊಳ್ತೀನಿ. ಆದರೆ ಸಂದರ್ಶನಕ್ಕೆ ಮಕ್ಕಳ ಕೈಕಾಲು ಆಡಬೇಕು. ಅಲೆ, ಹಗ್ಗದ ಆಟ ಮಾಡು.

11 ಮೀಟರ್ ಹಗ್ಗ ತಗೋ. 1 ಮೀಟರ್ ಅಂದ್ರೆ ಸಮುದ್ರದಲ್ಲಿ 1 ಕಿಲೋಮೀಟರ್. ಒಂದು ತುದಿ ನೀರಿನ ಮೇಲ್ಮೈ, ಅಲ್ಲೊಂದು ಮಗು ಹಿಡ್ಕೋಬೇಕು. ಈಗ ಕೇಳು: "ನಿಮಗೆ ಗೊತ್ತಿರೋ ಸಮುದ್ರ ಪ್ರಾಣಿಗಳ ಹೆಸರು ಹೇಳಿ." ಆಮೆ, ಡಾಲ್ಫಿನ್, ಕ್ಲೌನ್‌ಫಿಶ್, ಹವಳ ಅಂತಾರೆ. ಎಲ್ಲವನ್ನೂ ಮೊದಲ 20 ಸೆಂಟಿಮೀಟರ್ ಒಳಗೇ ಕ್ಲಿಪ್ ಹಾಕಿ ನೇತುಹಾಕು. 200 ಮೀಟರ್ ಅದು. ಗಿಡ ಬೆಳೆಯೋಷ್ಟು ಬೆಳಕು ಅಲ್ಲಿಗೆ ಮುಗೀತು. ಮೋಜಿಗೆ ಸ್ಕೂಬಾ ಮಾಡೋರ ಮಿತಿ 40 ಮೀಟರ್, ಅಂದ್ರೆ ಹಗ್ಗದಲ್ಲಿ 4 ಸೆಂಟಿಮೀಟರ್, ಎರಡು ಬೆರಳಗಲ. ಕ್ಲಿಪ್ ಮೇಲೆ ಕ್ಲಿಪ್ ಕೂತು ಜಾಗವೇ ಇರಲ್ಲ. ಮಿಕ್ಕ ಹಗ್ಗ ಹತ್ತೂವರೆ ಮೀಟರಿಗೂ ಮೇಲೆ ಖಾಲಿ ಬಿದ್ದಿರುತ್ತೆ.

ಆಗ ನಡೆಯೋಕೆ ಶುರುಮಾಡು. 3 ಮೀಟರ್ ಹತ್ರ ಒಂದು ಗಂಟು: ಕುವ್ಯೇ ಕೊಕ್ಕು ತಿಮಿಂಗಿಲ, 2,992 ಮೀಟರ್ ಮುಳುಗಿದ್ದು ದಾಖಲಾಗಿದೆ. ಅದೂ ನಮ್ಮ ಹಾಗೆ ಶ್ವಾಸಕೋಶ ಇರೋ ಪ್ರಾಣಿ. 3.7ಕ್ಕೆ ಸಮುದ್ರದ ಸರಾಸರಿ ಆಳ, ಅದಕ್ಕೆ ತಾಗಿಕೊಂಡೇ 3.8ಕ್ಕೆ ಟೈಟಾನಿಕ್. 8.85ಕ್ಕೆ ಎವರೆಸ್ಟ್ ತಲೆಕೆಳಗಾಗಿ. 10.9ಕ್ಕೆ ಮರಿಯಾನಾ ಕಂದಕದ ಚಾಲೆಂಜರ್ ಡೀಪ್, ಸಮುದ್ರದಲ್ಲೇ ಅತಿ ಆಳದ ಜಾಗ. ಅಲ್ಲಿಗೆ 1960ರ ಜನವರಿ 23ರಂದು ಝಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಶ್ ಇಳಿದರು. ಕೊನೇ ತುದಿ ಹಿಡಿದ ಮಗು ಆ ಹೊತ್ತಿಗೆ ಕೋಣೆಯಿಂದ ಆಚೆ ಕಾರಿಡಾರ್‌ನಲ್ಲಿ ನಿಂತಿರುತ್ತೆ, ಈ ಕಡೆಯವರಿಗೆ ಕಾಣಿಸೋದೂ ಇಲ್ಲ. "ನೀನಲ್ಲಿ ಏನು ನೋಡ್ತಿದೀಯ?" ಅಂತ ಇಲ್ಲಿಂದ ಕೂಗು. "ಏನೂ ಇಲ್ಲ, ಕತ್ತಲೆ!" ಅಂತ ಅದೇ ಉತ್ತರ ಕೊಡುತ್ತೆ. ನೀನು ಬಾಯಿ ಬಿಡಬೇಕಾಗಿಲ್ಲ.

ಎಂಟನೇ_ಕ್ಲಾಸ್_ಮೇಷ್ಟ್ರು
ಇದನ್ನೆಲ್ಲ ಓದ್ತಾ ಕೂತಿದ್ದೆ, ಬಸ್ ತುಂಬ ಮಕ್ಕಳನ್ನ ಕರ್ಕೊಂಡು ಹೋಗೋ ಕಡೆಯವನಾಗಿ ಒಂದು ಮಾತು. ನಮ್ಮ ಮಕ್ಕಳಿಗೆ ಎಲ್ಲ ಟ್ಯಾಂಕೂ ತೋರಿಸಬೇಡಿ. ಎರಡು ಗಂಟೆಯಲ್ಲಿ 30 ಟ್ಯಾಂಕ್ ಓಡಿಸಿದ ಮೇಲೆ ಪ್ರಬಂಧ ಬರೆಸಿದ್ರೆ 40ರಲ್ಲಿ 35 ಮಂದಿ ಬರೆಯೋದು ಶಾರ್ಕ್ ಮತ್ತು ಐಸ್‌ಕ್ರೀಮ್ ಬಗ್ಗೆ. ಒಂದು ಪ್ರಾಣಿಯ ಮುಂದೆ ಹತ್ತು ನಿಮಿಷ ನಿಲ್ಲಿಸಿ ಸಾಕು. ಮೊದಲ ಮೂರು ನಿಮಿಷ ಗಲಾಟೆ, ಆಮೇಲೆ ನೋಡೋಕೆ ಶುರುಮಾಡ್ತಾರೆ.

ಇನ್ನೊಂದು. ಹೊರಡುವಾಗ "ಚೆನ್ನಾಗಿತ್ತಾ?" ಅಂತ ನಗುಮುಖದ ಚೀಟಿ ಕೊಡ್ತೀರಲ್ಲ, ಅದರಿಂದ ನಿಮಗೆ ಏನೂ ತಿಳಿಯಲ್ಲ. ಶಾಲೆ ತಪ್ಪಿದ ದಿನ ಎಲ್ಲ ಚೆನ್ನಾಗಿಯೇ ಇರುತ್ತೆ. ಬರೋ ಮುಂಚೆ ಸಮುದ್ರದ ಚಿತ್ರ ಬರೆಸಿ, ಹೋದ ಮೇಲೆ ಇನ್ನೊಂದು ಬರೆಸಿ. ಮೊದಲನೇದರಲ್ಲಿ ಮೀನೆಲ್ಲ ಅಲೆಗೆ ಅಂಟಿಕೊಂಡಿರುತ್ವೆ, ಮರಳು ಹಾಳೆಯ ತಳದಲ್ಲಿ. ಎರಡನೇದರಲ್ಲಿ ಏನು ಬದಲಾಯ್ತು ನೋಡಿ. ಸೂಕ್ಷ್ಮದರ್ಶಿಯವರು ಕೇಳಿದ "ಅಳೆದು ತೋರಿಸೋದು" ಅದೇ.

ಸೂಕ್ಷ್ಮದರ್ಶಿ
ಮೇಷ್ಟ್ರೇ, ಅದನ್ನ ಅಂಕಿಯಾಗಿ ಬರೆದಿಟ್ಟರೆ ಅದು ದತ್ತಾಂಶ. ಅಷ್ಟು ಮಾಡಿದ್ರೆ ನಾನು ನನ್ನ ಆಕ್ಷೇಪದಲ್ಲಿ ಅರ್ಧ ವಾಪಸ್ ತಗೋತೀನಿ. ಇನ್ನರ್ಧ ಇಟ್ಕೊಂಡಿರ್ತೀನಿ.

ಅಲೆಮಾರಿ_ಅಲೆ (ಆರು ವಾರದ ನಂತರ)
ಎಲ್ಲರೂ ಕೇಳ್ತಿದ್ರಿ, ಬರೆಯೋಕೆ ಆಗಿರಲಿಲ್ಲ. ಹಗ್ಗ ಗೆಲ್ಲಿಸಿತು, ಕೆಲಸ ಸಿಕ್ತು. ಈಗ ಐದನೇ ವಾರ. ಗಂಟಲು ಕಪ್ಪೆಯದ್ದೇ.

ಒಂದು ತಪ್ಪು ಮಾಡಿದೆ, ಅದನ್ನೇ ಹೇಳ್ತೀನಿ. ಮೂರನೇ ವಾರ, ಟಚ್ ಟ್ಯಾಂಕ್ ಹತ್ರ ನಾನೊಬ್ಬಳೇ, ಸುತ್ತ 20 ಮಕ್ಕಳು. ಒಬ್ಬ ಹುಡುಗ, ಏಳು ವರ್ಷ ಇರಬಹುದು, ಬಂಡೆಗೆ ಕಚ್ಚಿಕೊಂಡಿದ್ದ ನಕ್ಷತ್ರಮೀನನ್ನ ಎರಡೂ ಕೈಯಲ್ಲಿ ಹಿಡಿದು ಎಳೀತಿದ್ದ. ಅದರ ಅಡಿಯಲ್ಲಿ ಕೊಳವೆಯಂಥ ನೂರಾರು ಪುಟ್ಟ ಕಾಲುಗಳಿರುತ್ತಲ್ಲ, ಬಲವಂತವಾಗಿ ಎಳೆದ್ರೆ ಅವು ಕಿತ್ತು ಬಂಡೆಯ ಮೇಲೇ ಉಳಿದುಬಿಡುತ್ವೆ. ನಾನು "ಏಯ್, ಬಿಡು!" ಅಂತ ಕಿರುಚಿಬಿಟ್ಟೆ. ಇಡೀ ಹಾಲ್ ತಿರುಗಿ ನೋಡ್ತು. ಅವನು ಬಿಟ್ಟ. ಅಳಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ನಿಂತ. ಆಮೇಲೆ ಎಷ್ಟು ಕರೆದ್ರೂ ನೀರಿಗೆ ಕೈ ಹಾಕಲಿಲ್ಲ. ಆ ಬೆನ್ನ ಹಿಂದಿನ ಕೈ ಈಗಲೂ ಕಣ್ಣ ಮುಂದೆ ಬರುತ್ತೆ.

ಸಂಜೆ ಮೇಲ್ವಿಚಾರಕಿ ಬೈಯಲಿಲ್ಲ. "ಬೇಡ ಅನ್ನೋ ಮುಂಚೆ ಆ ಕೈಗೆ ಬೇರೆ ಕೆಲಸ ಕೊಡಬೇಕಿತ್ತು" ಅಂದರು. ಮರುದಿನ ಅವರು ಮಾಡೋದನ್ನ ಪಕ್ಕದಲ್ಲಿ ನಿಂತು ನೋಡಿದೆ. ಮಕ್ಕಳು ಬಂದ ತಕ್ಷಣ ಮುಟ್ಟಿಸಲ್ಲ. ಮೊದಲು ಕೈ ತೊಳೆಸ್ತಾರೆ, ಹಚ್ಚಿಕೊಂಡ ಕ್ರೀಮ್, ಲೋಷನ್ ಎಲ್ಲ ಹೋಗಲಿ ಅಂತ. ಆಮೇಲೆ ಅಂಗೈ ಮೇಲೆ ಮಾಡಿ ನೀರೊಳಗೆ ತಳಕ್ಕೆ ತಾಗಿಸಿ ಇಡಿಸ್ತಾರೆ. "ಈಗ ನಿಮ್ಮ ಕೈ ಒಂದು ಬಂಡೆ. ಬಂಡೆ ಅಲುಗಾಡುತ್ತಾ?" ಅಷ್ಟೇ. ಅರ್ಧ ನಿಮಿಷದಲ್ಲಿ ಒಂದು ಸನ್ಯಾಸಿ ಏಡಿ ಶಂಖ ಹೊತ್ಕೊಂಡು ಬಂದು ಒಬ್ಬಳ ಕಿರುಬೆರಳು ಹತ್ತಿತು. ಆ ಹುಡುಗಿ ಉಸಿರೇ ಬಿಡಲಿಲ್ಲ. ಪಕ್ಕದವರೂ ಬಿಡಲಿಲ್ಲ.

ಈಗ ನಾನೂ ಹಾಗೇ ಮಾಡೋದು. ಮೊನ್ನೆ ಒಬ್ಬಳು ನಕ್ಷತ್ರಮೀನಿನ ಬೆನ್ನು ಎರಡು ಬೆರಳಲ್ಲಿ ಸವರಿ ಕೇಳಿದಳು, "ನಾನು ಮುಟ್ಟಿದ್ದು ಇದಕ್ಕೆ ಗೊತ್ತಾಯ್ತಾ?" ಬಾಯಿ ತುದಿಗೆ ಪಾಠ ಬಂದಿತ್ತು: ಮಿದುಳು ಇಲ್ಲ, ಬಾಯಿ ಸುತ್ತ ನರದ ಉಂಗುರ ಇದೆ, ಒಂದೊಂದು ತೋಳಿಗೂ ನರ ಹೋಗುತ್ತೆ, ತೋಳಿನ ತುದಿಯಲ್ಲಿ ಬೆಳಕು ಗೊತ್ತಾಗೋ ಚುಕ್ಕಿ ಇದೆ. ನುಂಗಿಕೊಂಡೆ. "ಹೇಗೆ ಕಂಡುಹಿಡಿಯೋಣ?" ಅಂದೆ. ಅವಳು ಗಾಜಿನ ಪಕ್ಕಕ್ಕೆ ಹೋಗಿ ಕೂತಳು. ಗಾಜಿಗೆ ಅಂಟಿದ್ದ ಇನ್ನೊಂದರ ತೋಳಿನ ತುದಿಯನ್ನ ಮೇಲಿನಿಂದ ನನ್ನ ಕೈಲಿ ಮುಟ್ಟಿಸಿದಳು. ಆ ತುದಿಯ ಪುಟ್ಟ ಕಾಲುಗಳೆಲ್ಲ ಒಳಗೆ ಸೇರಿಕೊಂಡವು. ಬೇರೆ ತೋಳಿನವು ಹಾಗೇ ಇದ್ವು. "ಆ ಕೈಗೆ ಮಾತ್ರ ಗೊತ್ತಾಯ್ತು" ಅಂದಳು. ಎಂ.ಎಸ್ಸಿ. ಪರೀಕ್ಷೆಯಲ್ಲಿ ನಾನು ಮೂರು ಪುಟ ಬರೆದಿದ್ದೆ ಇದರ ಮೇಲೆ. ಮುಟ್ಟಿ ನೋಡಿರಲಿಲ್ಲ.

ಕಪ್ಪೆಚಿಪ್ಪು
ಆ ಹುಡುಗನ ವಿಷಯ ಮನಸ್ಸಿಗೆ ಹಚ್ಕೋಬೇಡ. ನನ್ನ ಲೆಕ್ಕದಲ್ಲಿ ಅಂಥವರು ನಾಲ್ಕು ಜನ.

ನೀಲಿಶಾಯಿ
"ಆ ಕೈಗೆ ಮಾತ್ರ ಗೊತ್ತಾಯ್ತು"... ಶಾರ್ಕ್ ವೇಷದೊಳಗಿಂದ ನನಗೆ ಇಂಥದ್ದು ಒಂದೂ ಸಿಗಲಿಲ್ಲ. ಹೊಟ್ಟೆ ಉರೀತಿದೆ, ಒಳ್ಳೇ ಅರ್ಥದಲ್ಲಿ.

ಎಂಟನೇ_ಕ್ಲಾಸ್_ಮೇಷ್ಟ್ರು
ಒಂದು ಅನುಮಾನ ಅಲೆ ಅವರೇ. ಉತ್ತರ ನಿಜಕ್ಕೂ ಗೊತ್ತಿಲ್ಲದೇ ಇದ್ದಾಗ ಏನು ಮಾಡ್ತೀರಿ? ನಮ್ಮ ಕಡೆ "ಗೊತ್ತಿಲ್ಲ" ಅಂದ್ರೆ ಮಕ್ಕಳ ಮುಂದೆ ಮರ್ಯಾದೆ ಹೋಯ್ತು ಅಂತ ಹಿರಿಯ ಮೇಷ್ಟ್ರುಗಳು ಹೆದರಿಸ್ತಾರೆ.

ಕಪ್ಪೆಚಿಪ್ಪು
ನಾನು ಹೇಳ್ಲಾ? 2013ರಿಂದ ಉತ್ತರ ಅಮೆರಿಕದ ಪೆಸಿಫಿಕ್ ತೀರದಲ್ಲಿ ನಕ್ಷತ್ರಮೀನುಗಳು ಕೋಟಿಗಟ್ಟಲೆ ಸತ್ತವು. ತೋಳು ತಿರುಚಿಕೊಂಡು, ಕಳಚಿಬಿದ್ದು, ಕೊನೆಗೆ ಲೋಳೆಯಾಗಿ ಕರಗಿಹೋಗ್ತಿದ್ವು. ನಾವು ಅದರ ಬಗ್ಗೆ ಒಂದು ಫಲಕ ಹಾಕಿದ್ವಿ, ಕೊನೇ ಸಾಲು "ಕಾರಣ ಇನ್ನೂ ತಿಳಿದಿಲ್ಲ". ಮೇಲಿನವರಿಗೆ ಆ ಸಾಲು ಇಷ್ಟ ಇರಲಿಲ್ಲ, ನಾವು ತೆಗೀಲಿಲ್ಲ. ದೊಡ್ಡವರು ಆ ಫಲಕದ ಮುಂದೆ ನಿಂತಷ್ಟು ಹೊತ್ತು ಬೇರೆಲ್ಲೂ ನಿಲ್ತಿರಲಿಲ್ಲ. "ಈಗಲಾದ್ರೂ ಗೊತ್ತಾಯ್ತಾ?" ಅಂತ ಮತ್ತೆ ಬಂದು ಕೇಳಿದವರಿದಾರೆ. 2025ರಲ್ಲಿ ಸಂಶೋಧಕರು ವಿಬ್ರಿಯೊ ಪೆಕ್ಟೆನಿಸಿಡಾ ಅನ್ನೋ ಬ್ಯಾಕ್ಟೀರಿಯಾದ ತಳಿಯತ್ತ ಬೆರಳು ಮಾಡಿದ್ರು, 10 ವರ್ಷಕ್ಕೂ ಮೇಲಾದ ಮೇಲೆ. ಹಳೇ ಸಾಲಿನ ಮೇಲೆ ಹೊಸ ಪಟ್ಟಿ ಅಂಟಿಸಿದ್ದು ನಾನೇ. ಹಳೇದು ಕೆಳಗೆ ಸ್ವಲ್ಪ ಕಾಣೋ ಹಾಗೇ ಅಂಟಿಸಿದೆ, ಬೇಕಂತಲೇ.

ಸೂಕ್ಷ್ಮದರ್ಶಿ
ಅದು ಒಳ್ಳೇ ಕೆಲಸ. ಅಲೆ ಅವರೇ, ಚಿತ್ರಗಳ ಎಣಿಕೆ ಮಾಡ್ತಿದೀರಾ?

ಅಲೆಮಾರಿ_ಅಲೆ
ಮಾಡ್ತಿದೀನಿ ಸಾರ್. ಇಲ್ಲಿವರೆಗೆ 62 ಮಕ್ಕಳ ಜೋಡಿ ಚಿತ್ರ ಸಿಕ್ಕಿದೆ. ಹಾಳೆಯನ್ನ ಅಡ್ಡಕ್ಕೆ ನಾಲ್ಕು ಪಾಲು ಮಾಡಿ ಯಾವ ಪಾಲಲ್ಲಿ ಎಷ್ಟು ಪ್ರಾಣಿ ಅಂತ ಗುರುತು ಹಾಕ್ತೀನಿ. ಕೆಳಗಿನ ಪಾಲು ತುಂಬ್ತಾ ಇದೆ ಅನಿಸುತ್ತೆ, ಆದರೆ ನಾನೇ ಕಲಿಸಿ ನಾನೇ ಎಣಿಸಿದ್ರೆ ಹೇಗೆ ಅಂತ, ಯಾವುದು ಮೊದಲಿನದು ಯಾವುದು ಆಮೇಲಿನದು ಅಂತ ಗೊತ್ತಿಲ್ಲದ ಗೆಳತಿ ಹತ್ರ ಮತ್ತೊಮ್ಮೆ ಎಣಿಸ್ತಿದೀನಿ. ಒಂದು ಚಿತ್ರದಲ್ಲಿ ಹಾಳೆ ಸಾಲದೆ ಹಿಂದೆ ಇನ್ನೊಂದು ಹಾಳೆ ಅಂಟಿಸಿ ಕಪ್ಪು ಬಳಿದಿದಾನೆ. ಅದನ್ನ ಯಾವ ಪಾಲಿಗೆ ಹಾಕಲಿ?

ಸೂಕ್ಷ್ಮದರ್ಶಿ
ಐದನೇ ಪಾಲು ಮಾಡಿ. ವಿಧಾನದಲ್ಲಿ ಬರೆದಿಡಿ. ಮುಗಿದ ಮೇಲೆ ನನಗೂ ಕಳಿಸಿ, ಅಂಕಿಅಂಶ ನೋಡ್ಕೊಡ್ತೀನಿ. ನಿಮ್ಮ ಗೈಡ್‌ಗೂ ಒಂದು ಪ್ರತಿ ಕೊಡಿ, ಏನೂ ಹೇಳದೆ.

ಹೊಸ_ಮೀನು
ಎಲ್ಲರಿಗೂ ನಮಸ್ಕಾರ, ಈಗಷ್ಟೇ ಎಳೆ ಪೂರ್ತಿ ಓದಿದೆ. ಮುಂದಿನ ಬೇಸಿಗೆಗೆ ನಾನೂ ಅರ್ಜಿ ಹಾಕ್ತಿದೀನಿ. ಅಲೆ ಅಕ್ಕಾ, ಆ ಹಗ್ಗ ಎಂಥದ್ದು ತಗೊಂಡ್ರಿ?

ಅಲೆಮಾರಿ_ಅಲೆ
ಮೊದಲು ಹತ್ತಿದು. ಟಚ್ ಟ್ಯಾಂಕ್ ಪಕ್ಕ ಬಿದ್ದು ನೆಂದು ಕುಗ್ಗಿತು. ಒಂದು ದಿನ ಅಳೆದು ನೋಡ್ತೀನಿ, ಚಾಲೆಂಜರ್ ಡೀಪ್ 10.4 ಕಿಲೋಮೀಟರಿಗೆ ಬಂದುಬಿಟ್ಟಿದೆ. ಅದಕ್ಕೆ ಪ್ಲಾಸ್ಟಿಕ್ ಹಗ್ಗ ತಂದೆ, ನೀರಿಗೆ ಜಗ್ಗಲ್ಲ, ಕುಗ್ಗಲ್ಲ. ಮೊದಲನೇ ದಿನವೇ ಮುಂದಿನ ಸಾಲಲ್ಲಿ ಕೂತಿದ್ದವಳು ಕೈ ಎತ್ತಿದಳು: "ಮಿಸ್, ಸಮುದ್ರಕ್ಕೆ ಪ್ಲಾಸ್ಟಿಕ್ ಹೋಗಬಾರದು ಅಂತ ಆಗ ಹೇಳಿದ್ರಲ್ಲ, ನಿಮ್ಮ ಸಮುದ್ರ ಯಾವುದರಲ್ಲಿ ಮಾಡಿದ್ದು?"

ಈಗ ಮತ್ತೆ ಹತ್ತಿ ಹಗ್ಗ. ಪ್ರತಿ ಸೋಮವಾರ ಗಂಟು ಬಿಚ್ಚಿ ಅಳೆದು ಕಟ್ತೀನಿ.